ಅಮ್ಮನ ಜಂಟಿ ವರಸೆ, ರೂಟರಿನ ಕಿವಿ

ಶನಿವಾರ ಸಂಜೆ ಆರು ಗಂಟೆಗೆ ಹಾಸನದ ನಮ್ಮ ಮನೆಯಲ್ಲಿ ಅಮ್ಮನ ಸಂಗೀತ ಪಾಠ. ಕಲಿಯುವವಳು ಪುಣೆಯಲ್ಲಿರುವ ಅಕ್ಕನ ಮಗಳು. ಒಂಬತ್ತು ವರ್ಷ. ವಿಡಿಯೊ ಕರೆಯಲ್ಲಿ ದನಿ ತಲುಪುವುದು ಸ್ವಲ್ಪ ತಡ, ಒಟ್ಟಿಗೆ ಹಾಡಲು ಆಗುವುದಿಲ್ಲ. ಅದಕ್ಕೆ ಅಮ್ಮ ಮೊದಲು ಹಾಡುತ್ತಾಳೆ, ಆಮೇಲೆ ಅವಳು.

ಪ್ರತಿ ಸ್ವರವನ್ನೂ ಎರಡೆರಡು ಸಲ ಹಾಡುವ ಜಂಟಿ ವರಸೆಗೆ ಬಂದಾಗ ತೊಂದರೆ ಶುರುವಾಯಿತು. ಅಮ್ಮ "ಸಸ ರಿರಿ ಗಗ ಮಮ" ಅಂದರೆ ಅವಳು "ಸಸ ರಿ ಗಗ ಮ" ಅನ್ನುತ್ತಾಳೆ. "ಜಂಟಿ ಕಣೇ ಪುಟ್ಟಿ, ಎರಡನೆಯದಕ್ಕೆ ಒತ್ತು ಕೊಡು" ಅಂತ ಅಮ್ಮ ನಾಲ್ಕು ಸಲ ತಿದ್ದಿದಳು. ಕೊನೆಗೆ ಮಗು ಅಳುಮುಖ ಮಾಡಿಕೊಂಡು, "ಅಜ್ಜಿ, ನೀನು ಹೇಳಿದ ಹಾಗೇ ಹೇಳ್ತಿದೀನಿ" ಅಂದಳು. ಅವಳಿಗೆ ಕೇಳಿಸಿದ್ದೇ ಅಷ್ಟು. ನನಗೆ ಕರುಳು ಚುರ್ ಅಂತು.

ಮಾರನೇ ದಿನ ಅಮ್ಮ ಪಾಠಕ್ಕೆ ಟ್ಯಾಬ್ ಇಡುವ ಜಾಗದಲ್ಲೇ ಲ್ಯಾಪ್‌ಟಾಪ್ ಇಟ್ಟು ಕೂತೆ. ಟ್ಯಾಬ್ ಹಳೆಯದು, ಅದಕ್ಕೆ ವೈ-ಫೈನ 2.4 ಗಿಗಾಹರ್ಟ್ಸ್ ತರಂಗ ಮಾತ್ರ ಬರುತ್ತದೆ. ಲ್ಯಾಪ್‌ಟಾಪನ್ನೂ ಅದಕ್ಕೇ ಜೋಡಿಸಿದೆ. ಪಿಂಗ್ ಮಾಡಿದ್ದು, ಅಂದರೆ ಚಿಕ್ಕ ತುಣುಕು ಕಳಿಸಿ ಉತ್ತರ ವಾಪಸ್ ಬರುತ್ತದಾ ಅಂತ ನೋಡಿದ್ದು, ಹೊರಗಿನ ಯಾವ ವಿಳಾಸಕ್ಕೂ ಅಲ್ಲ, ನಮ್ಮ ರೂಟರಿಗೇ, 192.168.1.1ಕ್ಕೆ. ದೋಷ ಮನೆಯೊಳಗೋ ಹೊರಗೋ ಅಂತ ಮೊದಲು ಗೊತ್ತಾಗಬೇಕು. 200ರಲ್ಲಿ 23 ವಾಪಸ್ ಬರಲಿಲ್ಲ. ಬಂದವೂ 3 ಮಿಲಿಸೆಕೆಂಡ್, 3, 180, 4, 410 ಹೀಗೆ. ವೈ-ಫೈನಲ್ಲಿ ಕಳಿಸಿದ ತುಣುಕಿಗೆ "ತಲುಪಿತು" ಅನ್ನುವ ಉತ್ತರ ಬರಬೇಕು. ಬರದಿದ್ದರೆ ಮತ್ತೆ ಮತ್ತೆ ಕಳಿಸುತ್ತದೆ, ಆಮೇಲೆ ಕೈಬಿಡುತ್ತದೆ. ಆ 180, 410 ಅಂದರೆ ಹಾಗೆ ಒದ್ದಾಡಿ ತಲುಪಿದವು. ಲ್ಯಾನ್ ವೈರ್ ಚುಚ್ಚಿ ನೋಡಿದೆ, 200ಕ್ಕೆ 200 ಬಂತು. ಗಾಳಿಯಲ್ಲೇ ತೊಂದರೆ.

2.4 ಗಿಗಾಹರ್ಟ್ಸ್ ಒಳಗೆ ಚಾನೆಲ್ ಅನ್ನುವ ಓಣಿಗಳಿರುತ್ತವೆ, ನಮ್ಮ ರೂಟರ್ ತಾನೇ 4ನೇ ಚಾನೆಲ್ ಹಿಡಿದು ಕೂತಿತ್ತು. ಪಕ್ಕದ ಮನೆಗಳವು 1 ಮತ್ತು 6ರಲ್ಲಿ. ಒಂದೇ ಚಾನೆಲ್‌ನಲ್ಲಿದ್ದರೆ ರೂಟರುಗಳು ಒಂದರ ಮಾತು ಇನ್ನೊಂದು ಕೇಳಿಸಿಕೊಂಡು ಸರದಿ ಕಾಯುತ್ತವೆ. ನಡುವೆ ಕೂತರೆ ಎರಡೂ ಕಡೆಗೆ ಬರೀ ಗದ್ದಲ. 11ಕ್ಕೆ ಬದಲಿಸಿದೆ. ನಷ್ಟ 17ಕ್ಕೆ ಇಳಿಯಿತು, ಅಷ್ಟೇ. ಮೈಕ್ರೊವೇವ್ ಒಲೆಯೂ 2.4ರಲ್ಲೇ ಗದ್ದಲ ಮಾಡುತ್ತದೆ, ಅದರ ಮೇಲೂ ಅನುಮಾನ ಬಂತು, ಆದರೆ ಪಾಠದ ಹೊತ್ತಿಗೆ ನಮ್ಮಲ್ಲಿ ಅದನ್ನು ಯಾರೂ ಹಾಕುವುದಿಲ್ಲ.

ಒಂದು ವಿಷಯ ಮಾತ್ರ ತಲೆ ಕೊರೆಯುತ್ತಿತ್ತು. ಸಿಗ್ನಲ್ ಮೈನಸ್ 52 ಡಿಬಿಎಂ, ಕಡ್ಡಿ ಪೂರ್ತಿ ತುಂಬಿದೆ. ಮಗುವಿನ ದನಿ ನಮಗೆ ಸ್ಪಷ್ಟವಾಗಿ ಕೇಳುತ್ತದೆ. ಅಮ್ಮನ ದನಿ ಮಾತ್ರ ಹೋಗುವಾಗ ಮುರಿಯುತ್ತದೆ. ಹಾಗಾದರೆ ಟ್ಯಾಬ್‌ಗೆ ಕಿವಿ ಚೆನ್ನಾಗಿದೆ, ಕೇಳಿಸದಿರುವುದು ರೂಟರಿಗೆ, ಅಲ್ವಾ? ಆ ಕಡ್ಡಿಗಳು ಹೇಳುವುದು ರೂಟರಿನ ದನಿ ಟ್ಯಾಬ್‌ಗೆ ಎಷ್ಟು ಜೋರಾಗಿ ಕೇಳುತ್ತದೆ ಅಂತ ಮಾತ್ರ. ಟ್ಯಾಬ್ ದನಿ ಅತ್ತ ಕೇಳುತ್ತದೋ ಇಲ್ಲವೋ ಅದು ಹೇಳುವುದಿಲ್ಲ.

ಎದ್ದು ಹೋಗಿ ರೂಟರ್ ಹತ್ತಿರ ಏನಿದೆ ಅಂತ ನೋಡಿದೆ. ಹಿಂದಿನ ನೀಲಿ ಯುಎಸ್‌ಬಿ ಪೋರ್ಟಿಗೆ ಹಾರ್ಡ್ ಡಿಸ್ಕ್! ಮನೆಯ ಫೋಟೊಗಳನ್ನೆಲ್ಲ ಎಲ್ಲರೂ ನೋಡಲಿ ಅಂತ ಹೋದ ತಿಂಗಳು ನಾನೇ ಚುಚ್ಚಿದ್ದು. ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುತ್ತದೆ. ಆ ಓಟದ ಸದ್ದು ಅಗಲವಾಗಿ ಹರಡಿ 2.4 ಗಿಗಾಹರ್ಟ್ಸ್ ಜಾಗಕ್ಕೂ ಬೀಳುತ್ತದೆ, ಕೇಬಲ್ಲಿನಿಂದ, ಕನೆಕ್ಟರಿನಿಂದ ಸೋರುತ್ತದೆ. ಇಂಟೆಲ್ ಕಂಪನಿ 2012ರಲ್ಲೇ ಇದರ ಬಗ್ಗೆ ಬರೆದಿತ್ತು. ಆಂಟೆನಾದ ಬುಡದಲ್ಲೇ ಯಾರೋ ಕೂಗುತ್ತಿದ್ದರೆ ದೂರದ ರೂಮಿನ ಟ್ಯಾಬ್ ಮಾತು ರೂಟರಿಗೆ ಹೇಗೆ ಕೇಳಬೇಕು?

ಡಿಸ್ಕ್ ಕಿತ್ತೆ. ನಷ್ಟ ಸೊನ್ನೆ. ಮತ್ತೆ ಚುಚ್ಚಿದೆ, 16. ಸುಮ್ನೆ ಖಾತ್ರಿಗೆ ಮೂರು ಸಲ ಮಾಡಿದೆ. ಈಗ ಅದನ್ನು ಪಕ್ಕದ ಕಪ್ಪು ಯುಎಸ್‌ಬಿ 2.0 ಪೋರ್ಟಿಗೆ ಹಾಕಿದ್ದೇನೆ. ವೇಗ 480 ಮೆಗಾಬಿಟ್‌ಗೆ ಇಳಿಯಿತು, ಫೋಟೊ ನೋಡಲು ಅಷ್ಟು ಸಾಕು.

ಅಮ್ಮನಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಶನಿವಾರ ಶ್ರುತಿ ಹಾಕುವುದಕ್ಕೂ ಮೊದಲು ಟ್ಯಾಬ್ ಹತ್ತಿರ ಬಗ್ಗಿ, "ಹೋದ ಸಲ ತಪ್ಪು ನಿಂದಲ್ಲ ಪುಟ್ಟಿ" ಅಂದಳು.