ಆಕ್ಸಿಜನ್ 98 ಇದೆ, ಮತ್ಯಾಕೆ ಏದುಸಿರು?

ಹೋದ ತಿಂಗ್ಳು ನೈಟ್ ಡ್ಯೂಟೀಲಿ ಒಬ್ರು ಅಜ್ಜೀನ ಕರ್ಕೊಂಡು ಬಂದ್ರು, ಮೂರು ದಿನದಿಂದ ಚಳಿ ಜ್ವರ, ಉರಿಮೂತ್ರ, ಜೊತೆಗೆ ಶುಗರ್ ಬೇರೆ. ಬಿಪಿ 110, ಆಕ್ಸಿಜನ್ 98. ಮಗಳು "ಎಲ್ಲಾ ನಾರ್ಮಲ್ ಇದ್ಯಲ್ಲಾ ಡಾಕ್ಟ್ರೇ, ಐಸಿಯು ಯಾಕೆ" ಅಂತ ಕೇಳಿದ್ರು. ಕೇಳೋದು ನ್ಯಾಯಾನೇ. ಆದ್ರೆ ಅಜ್ಜಿ ನಿಮಿಷಕ್ಕೆ 34 ಸಲ ಉಸಿರಾಡ್ತಿದ್ರು, ಎದೆ ಎಕ್ಸ್‌ರೇ ಕ್ಲಿಯರ್ ಇತ್ತು.

ಎಬಿಜಿ ಕಳಿಸಿದ್ವಿ, ಅಂದ್ರೆ ರಕ್ತದ ಆಮ್ಲ, ಅನಿಲ ಅಳೆಯೋ ಟೆಸ್ಟ್. ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೀಬೇಕು, ಮಾಮೂಲಿ ಸೂಜಿಗಿಂತ ಜಾಸ್ತಿ ನೋವು, ತೆಗೆದ ತಕ್ಷಣ ಮೆಷಿನ್‌ಗೆ ಹಾಕ್ಬೇಕು, ಲೇಟಾದ್ರೆ ಸಿರಿಂಜ್ ಒಳಗೇ ರಕ್ತಕಣಗಳು ಲ್ಯಾಕ್ಟೇಟ್ (ದೇಹ ಕಷ್ಟದಲ್ಲಿದ್ದಾಗ ರಕ್ತದಲ್ಲಿ ಏರೋ ಪದಾರ್ಥ) ಮಾಡ್ತಾ ಕೂತಿರ್ತವೆ, ರಿಪೋರ್ಟ್ ತಪ್ಪಾಗತ್ತೆ. ಪಿಎಚ್ 7.26 ಬಂತು (7.35ರಿಂದ 7.45 ಇರ್ಬೇಕು, ಇಳಿದಷ್ಟೂ ಆಮ್ಲ ಜಾಸ್ತಿ), ಆಮ್ಲ ತಡೆಯೋ ಬೈಕಾರ್ಬನೇಟ್ ಬರೀ 11, ಕಾರ್ಬನ್ ಡೈಆಕ್ಸೈಡ್ 25, ಲ್ಯಾಕ್ಟೇಟ್ 6.8. ಲ್ಯಾಕ್ಟೇಟ್ 2ರ ಒಳಗಿರ್ಬೇಕು. ಶುಗರ್ ಕೈಮೀರಿದಾಗ ಬರೋ ಆಮ್ಲ, ಕೀಟೋನ್, ಇರ್ಲಿಲ್ಲ.

ಅಂದ್ರೆ ರಕ್ತದಲ್ಲಿ ಆಮ್ಲ ಏರ್ತಿದೆ, ದೇಹ ಕಾರ್ಬನ್ ಡೈಆಕ್ಸೈಡನ್ನ ಉಸಿರಲ್ಲಿ ಹೊರಗೆ ಹಾಕಿ ಪಿಎಚ್ ಹಿಡ್ಕೊಳ್ಳೋಕೆ ಒದ್ದಾಡ್ತಿದೆ. ಆ ಏದುಸಿರೇ ಅಜ್ಜೀನ ಉಳಿಸ್ತಿತ್ತು. ಇಂಥವ್ರಿಗೆ ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರನ್ನ ನಿಮಿಷಕ್ಕೆ 14 ಉಸಿರಿಗೆ ಇಟ್ರೆ ನಿಮಿಷಗಳಲ್ಲೇ ಪಿಎಚ್ ಕುಸಿಯತ್ತೆ, ಹಾರ್ಟ್ ನಿಂತೂ ಹೋಗ್ಬಹುದು, ಹೊಸಬರಿಗೆ ನಾನು ಇದನ್ನ ಪದೇ ಪದೇ ಹೇಳ್ತೀನಿ.

ಆಂಟಿಬಯೋಟಿಕ್ ಶುರು ಮಾಡಿ, ಕೆಜಿಗೆ 30 ಎಂಎಲ್ ಲೆಕ್ಕದಲ್ಲಿ ಫ್ಲೂಯಿಡ್ ಕೊಟ್ವಿ. ಅಷ್ಟರಲ್ಲಿ ಬಿಪಿನೂ ಇಳೀತು, ಬಿಪಿ ಏರಿಸೋ ನಾರ್‌ಅಡ್ರಿನಲಿನ್ ಹಾಕಿದ್ವಿ, ಬಿಪಿ ಸರಿಹೋಯ್ತು. ಎರಡು ಗಂಟೆ ಬಿಟ್ಟು ನೋಡಿದ್ರೆ ಲ್ಯಾಕ್ಟೇಟ್ 6.5. ಇಳೀಲೇ ಇಲ್ಲ ಅಂತಾನೇ ಅರ್ಥ.

ಇಲ್ಲಿ ಇನ್ನೂ ಫ್ಲೂಯಿಡ್ ಸುರಿಯೋಣ ಅನ್ಸತ್ತೆ, ಬೈಕಾರ್ಬ್ ಕೊಟ್ಟು ಪಿಎಚ್ ಸರಿ ಮಾಡೋಣ ಅನ್ಸತ್ತೆ. ಆದ್ರೆ ಮೊದ್ಲು ಕಾರಣ ಹುಡುಕ್ಬೇಕು. ಲ್ಯಾಕ್ಟೇಟ್ ಏರೋಕೆ ಕಾರಣ ಒಂದೇ ಅಲ್ಲ, ರಕ್ತ ಸಾಕಾಗದೆ ಏರತ್ತೆ, ಅಡ್ರಿನಲಿನ್ ಹೊಡೆತಕ್ಕೆ ಏರತ್ತೆ, ಲಿವರ್ ಅದನ್ನ ರಕ್ತದಿಂದ ತೆಗೀದೆ ಇದ್ರೂ ಉಳ್ಕೊಳ್ಳತ್ತೆ, ಕಿಡ್ನಿ ಕೈಕೊಟ್ಟಾಗ ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆಯಿಂದಾನೂ ಏರತ್ತೆ. ಅಜ್ಜಿ ಮೆಟ್‌ಫಾರ್ಮಿನ್ ತಗೊಳ್ತಿರ್ಲಿಲ್ಲ. ಹಾಗಾದ್ರೆ ಇನ್‌ಫೆಕ್ಷನ್ ಎಲ್ಲೋ ಕಟ್ಕೊಂಡಿರ್ಬೇಕು ಅಂತ ರಾತ್ರಿನೇ ಸ್ಕ್ಯಾನ್ ಮಾಡ್ಸಿದ್ವಿ. ಎಡಗಡೆ ಮೂತ್ರನಾಳದಲ್ಲಿ ಕಲ್ಲು, ಅದರ ಮೇಲೆ ಕಿಡ್ನಿ ಊದ್ಕೊಂಡಿತ್ತು.

ಯೂರಾಲಜಿಯವ್ರು ಮೂರೂವರೆಗೆ ಬಂದು ಮೂತ್ರನಾಳಕ್ಕೆ ಸ್ಟೆಂಟ್ (ಸಣ್ಣ ಕೊಳವೆ) ಹಾಕಿದ್ರು, ಕೀವು ಹೊರಗೆ ಬಂತು. ಬೆಳಿಗ್ಗೆ ಎಂಟಕ್ಕೆ ಲ್ಯಾಕ್ಟೇಟ್ 3.9, ಸಂಜೆ 1.8. ಉಸಿರು 20ಕ್ಕೆ ಇಳಿದಿತ್ತು, ವೆಂಟಿಲೇಟರ್ ಬೇಕಾಗ್ಲೇ ಇಲ್ಲ.