ಪಿಆರ್ ಕೋರ್ಸಿಗೆ ಸೇರಿಸಬಹುದಾ ಅಂತ ಕೇಳುವವರಿಗೆ

ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ: "ಮಗಳು ಪಿಆರ್ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ಸೇರಿಸಬಹುದಾ?"

ಪಿಆರ್ ಅಂದರೆ ಪಬ್ಲಿಕ್ ರಿಲೇಷನ್ಸ್, ಸಂಸ್ಥೆಗಳ ಸುದ್ದಿಯನ್ನು ಪತ್ರಿಕೆಗಳಿಗೆ, ಜನರಿಗೆ ತಲುಪಿಸುವ ಕೆಲಸ. ಬೇಡ ಅನ್ನೋಕೆ ನನಗೆ ಬಾಯಿಲ್ಲ. ಎರಡು ವರ್ಷ ಅದನ್ನೇ ಓದಿದವಳು, ಅದರಿಂದಲೇ ಹೊಟ್ಟೆ ಹೊರೆಯುತ್ತಿರುವವಳು ನಾನು. ಆದರೂ ಫೀಸು ಕಟ್ಟುವ ಮೊದಲು ಕೆಲವು ವಿಷಯ ಗೊತ್ತಿರಲಿ.

ವಕೀಲರಿಗೆ ಸನ್ನದು ಬೇಕು, ಡಾಕ್ಟರಿಗೆ ನೋಂದಣಿ ಬೇಕು. ಪಿಆರ್ ಮಾಡೋಕೆ ಅಂಥದ್ದೇನೂ ಬೇಡ. ಪಬ್ಲಿಕ್ ರಿಲೇಷನ್ಸ್ ಸೊಸೈಟಿ ಆಫ್ ಇಂಡಿಯಾ ಅನ್ನುವ ಪಿಆರ್ ವೃತ್ತಿಯವರ ಸಂಘ 1958ರಿಂದ ಇದೆ, ನಿಜ. ಆದರೆ ಅದರ ಸದಸ್ಯರಾಗದೆಯೂ ಯಾರು ಬೇಕಾದರೂ ಈ ಕೆಲಸ ಮಾಡಬಹುದು. ನನ್ನ ಮೊದಲ ಏಜೆನ್ಸಿಯಲ್ಲಿ ಪಕ್ಕದ ಕುರ್ಚಿಯವನು ಮೆಕ್ಯಾನಿಕಲ್ ಎಂಜಿನಿಯರ್. ಇಬ್ಬರಿಗೂ ಒಂದೇ ಸಂಬಳ. ಸಾಲದ್ದಕ್ಕೆ, ರಿಪೋರ್ಟರ್‌ಗಳ ಜೊತೆ ಅವನು ನನಗಿಂತ ಚೆನ್ನಾಗಿ ಮಾತಾಡುತ್ತಿದ್ದ!

ಕಲಿತದ್ದನ್ನು ಮರೆಯಬೇಕಾದ ಪ್ರಸಂಗವೂ ಬರುತ್ತದೆ. ಪತ್ರಿಕೆಯಲ್ಲಿ ಬಂದ ಸುದ್ದಿಯ ಜಾಗ ಅಳೆದು, ಅಷ್ಟೇ ಜಾಗದ ಜಾಹೀರಾತಿಗೆ ಎಷ್ಟಾಗುತ್ತಿತ್ತು ಅಂತ ಲೆಕ್ಕ ಹಾಕುವ ಪದ್ಧತಿಯೊಂದಿದೆ. ಎವಿಇ ಅನ್ನುತ್ತಾರೆ. ಅದರಿಂದ ಪಿಆರ್ ಕೆಲಸದ ಬೆಲೆ ತಿಳಿಯೋದಿಲ್ಲ ಅಂತ ಪಿಆರ್ ಕೆಲಸ ಅಳೆಯೋದು ಹೇಗೆ ಅಂತ ಈ ಕ್ಷೇತ್ರದವರೇ ಒಪ್ಪಿಕೊಂಡ 2010ರ ಬಾರ್ಸಿಲೋನಾ ಸೂತ್ರಗಳೇ ಹೇಳಿವೆ. ಪರೀಕ್ಷೆಯಲ್ಲಿ ಇದನ್ನು ಬರೆದು ಮಾರ್ಕ್ಸ್ ತಗೊಂಡೆ. ಆಫೀಸಿನಲ್ಲಿ ಮೊದಲ ವಾರವೇ ಕೈಗೆ ಸಿಕ್ಕಿದ್ದು ಒಂದು ಸ್ಕೇಲು, ಒಂದು ರಾಶಿ ಪೇಪರ್ ಕಟಿಂಗು. ಕ್ಲೈಂಟ್‌ಗೆ ಆ ಲೆಕ್ಕವೇ ಬೇಕಿತ್ತು.

ನನ್ನ ದೊಡ್ಡ ತಕರಾರು ಇದಲ್ಲ, ಭಾಷೆಯದ್ದು. ನಮ್ಮ ಕೋರ್ಸಿನಲ್ಲಿ ಎಲ್ಲವೂ ಇಂಗ್ಲಿಷ್. ಕನ್ನಡದಲ್ಲಿ ಒಂದೇ ಒಂದು ಪ್ರೆಸ್ ನೋಟ್ ಬರೆಸಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಇಂಗ್ಲಿಷ್ ನೋಟನ್ನೇ ಮುಂದಿಟ್ಟುಕೊಂಡು ಅನುವಾದ ಮಾಡಿದೆ: "ಸಂಸ್ಥೆಯು ತನ್ನ ಪಯಣದ ಮಹತ್ವದ ಮೈಲಿಗಲ್ಲನ್ನು ಘೋಷಿಸಲು ಹರ್ಷಿಸುತ್ತದೆ." ಕಳಿಸಿ ಹತ್ತು ನಿಮಿಷಕ್ಕೆ ಹಿರಿಯ ವರದಿಗಾರರೊಬ್ಬರ ಫೋನ್. "ಏನಮ್ಮಾ ಇದು, ಯಾರು ಎಲ್ಲಿಗೆ ಪಯಣ ಹೊರಟಿದ್ದಾರೆ?"

ವಿಷಯ ಇಷ್ಟೇ: ದಾವಣಗೆರೆಯಲ್ಲಿ ಒಂದು ಹೊಸ ಅಂಗಡಿ ತೆರೆಯುತ್ತಿದ್ದರು.

ಹಾಗಂತಲೇ ಬರೆದು ಮತ್ತೆ ಕಳಿಸಿದೆ. ಮರುದಿನ ನಾಲ್ಕು ಸಾಲು ಬಂತು. ಆ ನಾಲ್ಕು ಸಾಲು ಬರೆಯೋದನ್ನು ಕಲಿಸಿದ್ದು ಕಾಲೇಜಲ್ಲ, ಆ ಬೈಗುಳ. ಕ್ಲೈಂಟ್‌ಗೆ ಮಾತ್ರ ಬೇಜಾರು, ಫೋಟೋ ಯಾಕೆ ಬರಲಿಲ್ಲ ಅಂತ. ಅದು ಬೇರೆ ಕಥೆ ಬಿಡಿ.

ಹಾಗಾಗಿ ಈಗ ಕೇಳಿದವರಿಗೆಲ್ಲ ಹೀಗನ್ನುತ್ತೇನೆ: ಮೊದಲು ಮೂರು ತಿಂಗಳು ಮಗಳು ಯಾವುದಾದರೂ ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಇಂಟರ್ನ್ ಆಗಿರಲಿ. ಬರುವ ಪ್ರೆಸ್ ನೋಟ್‌ಗಳಲ್ಲಿ ಎಷ್ಟು ಕಸದ ಬುಟ್ಟಿ ಸೇರುತ್ತವೆ, ಯಾಕೆ ಸೇರುತ್ತವೆ ಅಂತ ಕಣ್ಣಾರೆ ನೋಡಲಿ. ಆಮೇಲೂ ಆಸೆ ಉಳಿದಿದ್ದರೆ ಫೀಸು ಕಟ್ಟಿ.