ಬೀಚ್‌ವಿಲ್ ಮ್ಯಾಚ್, ಏಳು ವರ್ಷದ ಹುಡುಗನ ನೆನಪು

4 ಜೂನ್ 2023, ಭಾನುವಾರ
ವುಡ್‌ಸ್ಟಾಕ್, ಒಂಟಾರಿಯೋ, ಕೆನಡಾ

ಇವತ್ತಿನ ತಾರೀಕಿಗೆ ಸರಿಯಾಗಿ 185 ವರ್ಷದ ಹಿಂದೆ, ಅಂದ್ರೆ 1838ರ ಜೂನ್ 4ಕ್ಕೆ, ನಮ್ಮ ಪಕ್ಕದ ಬೀಚ್‌ವಿಲ್‌ನಲ್ಲಿ ಒಂದು ಬೇಸ್‌ಬಾಲ್ ಮ್ಯಾಚ್ ನಡೆದಿತ್ತು. ಇಂಗರ್‌ಸಾಲ್ ಕಡೆ ಹೋಗೋ ದಾರೀಲಿ, ಇಲ್ಲಿನ ಥೇಮ್ಸ್ ನದಿ ಪಕ್ಕ ಸಿಗೋ ಪುಟ್ಟ ಊರು ಅದು, ಸುಣ್ಣದ ಕಲ್ಲಿನ ಕ್ವಾರಿಗೆ ಹೆಸರುವಾಸಿ. ಒಂದ್ಕಡೆ ಬೀಚ್‌ವಿಲ್ ಹುಡುಗ್ರು, ಇನ್ನೊಂದ್ಕಡೆ ಜೋರಾ ಟೌನ್‌ಶಿಪ್‌ನವರು. ದುಡ್ಡೂ ಇಲ್ಲ ಕಪ್ಪೂ ಇಲ್ಲ, ರಜೆ ದಿನ ಊರವರೇ ಸೇರ್ಕೊಂಡು ಆಡಿದ್ದು.

ಇದು ನಮಗೆ ಗೊತ್ತಾಗಿದ್ದೇ ಒಂದು ಕಾಗದದಿಂದ. ಆಗ ಏಳು ವರ್ಷದ ಹುಡುಗನಾಗಿದ್ದ ಆಡಮ್ ಫೋರ್ಡ್ ಮುಂದೆ ಡಾಕ್ಟ್ರಾಗಿ, ವಯಸ್ಸಾದ್ಮೇಲೆ ಅಮೆರಿಕದ ಡೆನ್ವರ್‌ನಲ್ಲಿ ಕೂತ್ಕೊಂಡು ಸ್ಪೋರ್ಟಿಂಗ್ ಲೈಫ್ ಅನ್ನೋ ಪತ್ರಿಕೆಗೆ ಬರೆದ್ರು, 1886ರ ಮೇ 5ಕ್ಕೆ ಅಚ್ಚಾಯ್ತು. ರಾತ್ರಿ ಅದನ್ನ ಮತ್ತೆ ಓದ್ತಾ ಕೂತಿದ್ದೆ. ಏನ್ ನೆನಪು ರೀ ಅವ್ರದ್ದು! ಎನಾಕ್ ಬರ್ಡಿಕ್ ಅಂಗಡಿಗಳ ಹಿಂದಿನ ಹುಲ್ಲುಗಾವಲಲ್ಲಿ ಆಟ, ದಾರೀಲಿ ಹೋಗ್ತಿದ್ದ ಸ್ಕಾಟಿಷ್ ವಾಲಂಟಿಯರ್ ಸೈನಿಕರು ಅಲ್ಲೇ ನಿಂತು ನೋಡಿದ್ದು, ಎರಡೂ ಟೀಮಿನವರ ಹೆಸರು, ಎಲ್ಲ ಬರೆದಿದ್ದಾರೆ. ಚೆಂಡು ಹುರಿ ಮಾಡಿದ ಉಣ್ಣೆ ದಾರದ್ದು, ಮೇಲೆ ಕರುವಿನ ಚರ್ಮ, ಅದನ್ನ ಮೇಣ ಸವರಿದ ದಾರದಲ್ಲಿ ಹೊಲಿದಿದ್ದು ಊರಿನ ಚಪ್ಪಲಿ ಹೊಲಿಯೋ ಎಡ್ವರ್ಡ್ ಮೆಕ್‌ನೇಮ್ಸ್. ಬ್ಯಾಟಿಗೆ ಸೀಡರ್ ಮರ, ಕೊಡಲಿಯಲ್ಲಿ ಕಡಿದು ಆಮೇಲೆ ಹೆರೆದು ನುಣುಪು ಮಾಡ್ತಿದ್ರು, ಅದಿಲ್ಲ ಅಂದ್ರೆ ಗಾಡಿ ಚಕ್ರದ ಕಡ್ಡಿನೂ ನಡೀತಿತ್ತಂತೆ. ಓಡೋನಿಗೆ ಚೆಂಡಲ್ಲಿ ಹೊಡೆದ್ರೆ ಔಟು, ನಮ್ಮ ಲಗೋರಿ ಥರಾನೇ.

ತಪ್ಪೂ ಇದೆ ಅದ್ರಲ್ಲಿ. ಅವತ್ತು ನಾಲ್ಕನೇ ಜಾರ್ಜ್ ರಾಜನ ಹುಟ್ಟುಹಬ್ಬ ಅಂತ ಬರೀತಾರೆ, ಆದ್ರೆ ಜೂನ್ 4 ಮೂರನೇ ಜಾರ್ಜ್ ಹುಟ್ಟಿದ ದಿನ, ಅದೂ ಅಲ್ದೆ 1838ಕ್ಕೆ ವಿಕ್ಟೋರಿಯಾ ರಾಣಿ ಆಗಿದ್ಳು. ನಂಗೆ ಇದ್ರಿಂದ ಕಾಗದದ ಮೇಲಿನ ನಂಬಿಕೆ ಏನೂ ಕಮ್ಮಿ ಆಗ್ಲಿಲ್ಲ. ಏಳು ವರ್ಷದ ಹುಡುಗನಿಗೆ ರಾಜ ಯಾರಾದ್ರೆ ಏನು, ಚೆಂಡು ಯಾರು ಹೊಲಿದ್ರು ಅನ್ನೋದು ಮುಖ್ಯ. 1988ರಲ್ಲಿ ನ್ಯಾನ್ಸಿ ಬೂಷಿಯರ್, ರಾಬರ್ಟ್ ಬಾರ್ನಿ ಅನ್ನೋ ಇಬ್ಬರು ಸಂಶೋಧಕರು ಈ ಹೆಸರುಗಳನ್ನ ಹಿಡ್ಕೊಂಡು ಹಳೇ ದಾಖಲೆ, ಸಮಾಧಿ ಕಲ್ಲು ಎಲ್ಲ ಜಾಲಾಡಿದ್ರು, ಫೋರ್ಡ್ ಹೇಳಿದ ಜನ ನಿಜವಾಗ್ಲೂ ಈ ಕಡೆ ಬದುಕಿದ್ದವರೇ.

ಇನ್ನೊಂದು ವಿಚಿತ್ರ ನೋಡಿ, ಅಮೆರಿಕದ ಕೂಪರ್ಸ್‌ಟೌನ್‌ನಲ್ಲಿ 1839ಕ್ಕೆ ಆಬ್ನರ್ ಡಬಲ್‌ಡೇ ಅನ್ನೋರು ಬೇಸ್‌ಬಾಲ್ ಕಂಡುಹಿಡಿದ್ರು ಅನ್ನೋ ಕಥೆನೂ ಹುಟ್ಟಿದ್ದು ಒಂದು ಕಾಗದದಿಂದಾನೇ, 1905ರಲ್ಲಿ ಆಬ್ನರ್ ಗ್ರೇವ್ಸ್ ಅನ್ನೋರು ಬರೆದಿದ್ದು, ಅವ್ರೂ ಡೆನ್ವರ್‌ನವ್ರೇ! ಡಬಲ್‌ಡೇ ಆ ವರ್ಷ ಕೂಪರ್ಸ್‌ಟೌನ್‌ನಲ್ಲಲ್ಲ, ವೆಸ್ಟ್ ಪಾಯಿಂಟ್ ಮಿಲಿಟರಿ ಕಾಲೇಜಲ್ಲಿ ಓದ್ತಿದ್ರು, ಆದ್ರೂ ದೊಡ್ಡ ಹಾಲ್ ಆಫ್ ಫೇಮ್, ಅಂದ್ರೆ ಬೇಸ್‌ಬಾಲ್ ದಿಗ್ಗಜರ ಮ್ಯೂಸಿಯಂ, ಕೂಪರ್ಸ್‌ಟೌನ್‌ಗೇ ಹೋಯ್ತು. ಇಲ್ಲಿನವರಿಗೆ ಬೇಜಾರಾಗೋದು ಸಹಜ, "ಮೊದಲು ಆಡಿದ್ದು ನಾವು" ಅಂತ ಈಗ್ಲೂ ಅಂತಾರೆ. ಆದ್ರೆ ಮೊದಲು ಅನ್ನೋ ಜಗಳಾನೇ ಬೇಡ ಅನ್ಸತ್ತೆ ನಂಗೆ, ಯಾಕಂದ್ರೆ ಫೋರ್ಡೇ ಬರೆದಿದ್ದಾರಲ್ಲ, ಅವತ್ತು ಆಡೋಕೆ ಬಂದಿದ್ದ ತಲೆ ನರೆತವರು "ನಾವು ಹುಡುಗ್ರಾಗಿದ್ದಾಗ ಹೀಗೇ ಆಡ್ತಿದ್ವಿ" ಅಂತ ರೂಲ್ಸ್ ವಿಷಯದಲ್ಲಿ ಪಟ್ಟು ಹಿಡಿದ್ರು ಅಂತ. ಅಂದ್ಮೇಲೆ ಆಟ ಅದಕ್ಕಿಂತ ಎಷ್ಟೋ ಹಳೇದು.

ಮುಂದಿನ ವಾರ ಮಗನ್ನ ಕರ್ಕೊಂಡು ಸೇಂಟ್ ಮೇರೀಸ್‌ಗೆ ಹೋಗ್ಬೇಕು. ಕೆನಡಾದ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಇರೋದು ಅಲ್ಲೇ, ಡೆನ್ವರ್‌ಗೆ ಹೋಗೋ ಮುಂಚೆ ಫೋರ್ಡ್ ಡಾಕ್ಟರಾಗಿ ಇದ್ದಿದ್ದೂ ಅದೇ ಊರಲ್ಲಿ.